ಜಗಳೂರಿನ ಕಪ್ಪು ತತ್ತಿ

ಮೆಕ್ಕೆಜೋಳದ ಸುಳಿಯೊಳಗೆ ಕೂತು ಎಲೆಯನ್ನೆಲ್ಲ ಜರಡಿ ಮಾಡುವ ಸೈನಿಕ ಹುಳ ನಮ್ಮ ಸೀಮೆಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಅದರ ತವರು ದೂರದ ಅಮೆರಿಕ ಖಂಡ. ಅಲ್ಲಿಂದ ಹೇಗೋ ಆಫ್ರಿಕಾ ಸೇರಿ, ಅಲ್ಲಿನ ಹೊಲಗಳನ್ನು ತಿಂದು ನಮ್ಮ ಕಡೆ ತಿರುಗಿತ್ತು. ನಾನು ಕೀಟಶಾಸ್ತ್ರ ಓದಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಅದೇ ಹುಳದ ಬೆನ್ನು ಹತ್ತಿದ ಸಂಶೋಧನೆಯೊಂದರಲ್ಲಿ ಜಾಗ ಸಿಕ್ಕಿತು. ಬ್ರೆಜಿಲ್, ಕೀನ್ಯಾ ಮತ್ತು ನಾವು, ಮೂರು ದೇಶದವರು ಸೇರಿ ಮಾಡುತ್ತಿದ್ದ ಕೆಲಸ ಅದು. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು: "ಹುಳ ಹಿಡಿಯಾಕೆ ಇಷ್ಟೆಲ್ಲಾ ಓದಬೇಕಿತ್ತೇನೇ?"

"ಹುಳ ಹಿಡಿಯಾಕಲ್ಲವ್ವ. ಹುಳಾನ ತಿನ್ನೋದನ್ನ ಹಿಡಿಯಾಕೆ," ಅಂದೆ.

ಅದು ನಿಜವೇ. ನಾವು ಹುಡುಕುತ್ತಿದ್ದದ್ದು ಒಂದು ಕಣಜವನ್ನು. ಗೋಡೆಗೆ ಮಣ್ಣಿನ ಗೂಡು ಕಟ್ಟುವ, ಕಂಡರೆ ಮಕ್ಕಳು ಓಡುವ ದೊಡ್ಡ ಕಣಜವಲ್ಲ. ಇದು ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು, ಕಪ್ಪು ಚುಕ್ಕೆಗೆ ರೆಕ್ಕೆ ಬಂದಂತಿರುತ್ತದೆ. ಯಾರನ್ನೂ ಕಚ್ಚುವುದಿಲ್ಲ. ಸೈನಿಕ ಹುಳದ ತಾಯಿ ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಟ್ಟು, ತನ್ನ ಮೈಯ ಉಣ್ಣೆಯನ್ನೇ ಹೊದಿಸಿ ಹೋಗುತ್ತದೆ. ಈ ಕಣಜ ಆ ಉಣ್ಣೆಯೊಳಗೆ ನುಸುಳಿ, ಪ್ರತಿ ಮೊಟ್ಟೆಯೊಳಗೂ ತನ್ನದೊಂದು ಮೊಟ್ಟೆ ಇಡುತ್ತದೆ. ಆಮೇಲೆ ಅಲ್ಲಿಂದ ಹುಳ ಹೊರಬರುವುದಿಲ್ಲ, ಕಣಜವೇ ಹೊರಬರುತ್ತದೆ. ಹುಳ ಹುಟ್ಟುವ ಮೊದಲೇ ಕಥೆ ಮುಗಿದಿರುತ್ತದೆ.

ಕೀನ್ಯಾದ ತಂಡದವರಿಗೆ ಈ ಕಣಜ ಅವರ ಹೊಲಗಳಲ್ಲಿ ಸಿಕ್ಕಿತ್ತು. ನಮ್ಮ ಬಯಲಿನ ಹೊಲಗಳಲ್ಲೂ ಇದೆಯಾ ಅನ್ನುವುದು ಪ್ರಶ್ನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಬಸ್ಸಿನಲ್ಲಿ ಹೋಗುವುದು, ಹೊಲದಲ್ಲಿ ಬಗ್ಗಿ ಬಗ್ಗಿ ಎಲೆ ತಿರುವುವುದು, ಮೊಟ್ಟೆ ಇದ್ದ ಎಲೆಯ ತುಂಡನ್ನು ಗಾಜಿನ ನಳಿಗೆಯಲ್ಲಿ ಹಾಕಿ ಹತ್ತಿಯಿಂದ ಬಾಯಿ ಮುಚ್ಚಿ ದಾವಣಗೆರೆಗೆ ತರುವುದು. ಅಲ್ಲಿ ನಮಗೆ ಕೊಟ್ಟಿದ್ದ ಸಣ್ಣ ಪ್ರಯೋಗಾಲಯದಲ್ಲಿ ನಳಿಗೆಗಳನ್ನು ಜೋಡಿಸಿಟ್ಟು ಕಾಯುವುದು.

ಕಾದದ್ದೇ ಬಂತು. ಮೊಟ್ಟೆಗಳೆಲ್ಲ ಒಡೆದು ಹುಳಗಳೇ ಬಂದವು. ಚನ್ನಗಿರಿ ಕಡೆಯಂತೂ ಮೆಕ್ಕೆಜೋಳ ಹುಡುಕುವುದೇ ಒಂದು ಕೆಲಸವಾಗಿತ್ತು. ನಾನು ಹುಟ್ಟಿ ಬೆಳೆದ ಕತ್ತಲಗೆರೆಯ ಸುತ್ತಲೇ ನಾನು ಶಾಲೆಗೆ ಹೋಗುವಾಗ ಮೆಕ್ಕೆಜೋಳವಿದ್ದ ಹೊಲಗಳಲ್ಲಿ ಈಗ ಅಡಿಕೆ ಸಸಿ ನಿಂತಿದ್ದವು. ಹೊನ್ನಾಳಿಯ ನದಿ ದಂಡೆಯ ಹೊಲಗಳಿಂದ ಹುಳ, ನ್ಯಾಮತಿಯಿಂದಲೂ ಹುಳ. ಬೆಂಗಳೂರಿನಲ್ಲಿದ್ದ ನಮ್ಮ ಮಾರ್ಗದರ್ಶಕರಿಗೆ ಪ್ರತಿ ಸಲ ಫೋನಿನಲ್ಲಿ "ಇಲ್ಲ ಸರ್" ಅಂದು ಅಂದು ನನಗೇ ಬೇಸರ ಹತ್ತಿತ್ತು. ಅವರು ಮಾತ್ರ ಶಾಂತವಾಗಿ, "ಜಗಳೂರು ಉಳಿದಿದೆಯಲ್ಲಮ್ಮ. ನೋಡಿ ಬಾ," ಅನ್ನುತ್ತಿದ್ದರು. ಜಗಳೂರು ಒಣಸೀಮೆ. ಅಲ್ಲೇನು ಸಿಕ್ಕೀತು ಅಂತ ನಾನೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಜಗಳೂರಿನಿಂದ ಒಳಗೆ ಹೋಗುವ ರಸ್ತೆಯ ಪಕ್ಕ ಒಂದು ಹೊಲ. ಅರ್ಧ ಮೆಕ್ಕೆಜೋಳ, ಅರ್ಧ ಶೇಂಗಾ. ಮೊಣಕಾಲೆತ್ತರದ ಜೋಳದಲ್ಲಿ ಒಬ್ಬ ಹೆಂಗಸು ಕಳೆ ಕೀಳುತ್ತಿದ್ದಳು. ವಯಸ್ಸು ಐವತ್ತರ ಆಸುಪಾಸು, ತಲೆಗೆ ಟವೆಲ್ ಕಟ್ಟಿದ್ದಳು. ನಾನು ಕೇಳುವ ಮೊದಲೇ ಅವಳೇ ಕೇಳಿದಳು.

"ಸರ್ವೆದೋರಾ?"

"ಅಲ್ಲಕ್ಕ, ಹುಳ ನೋಡಾಕೆ ಬಂದೀನಿ."

"ನೋಡು ನೋಡು, ಎಷ್ಟು ಬೇಕಾದ್ರೂ ಐತೆ. ಮನೆಗೂ ತಗಂಡು ಹೋಗು," ಅಂದು ನಕ್ಕಳು.

ಶೇಂಗಾದ ಅಂಚಿಗೆ ಹತ್ತಿದ ಸಾಲಿನಲ್ಲಿ ಎಲೆ ತಿರುವುತ್ತ ಹೋದೆ. ಒಂದು ಎಲೆಯ ತಳದಲ್ಲಿ ಉಣ್ಣೆ ಹೊದ್ದ ಮೊಟ್ಟೆಗಳ ಗುಂಪು ಕಂಡಿತು. ಎಂದಿನಂತೆ ಬೂದು ಬಣ್ಣ. ಆದರೆ ಉಣ್ಣೆ ಸರಿದ ಕಡೆ ಮೊಟ್ಟೆ ಕಪ್ಪಗಿತ್ತು. ಇದ್ದಿಲಿನ ಹಾಗೆ ಕಪ್ಪು, ಹೊಳಪು ಬೇರೆ. ಲೆನ್ಸ್ ಹಿಡಿದು ನೋಡಿದೆ. ಹೊರಗಿನ ಸಾಲಷ್ಟೇ ಅಲ್ಲ, ಕೆಳಗಿನ ಪದರವೂ ಕಪ್ಪು; ಅಷ್ಟು ಆಳಕ್ಕೆ ನುಸುಳುವುದು ನಾವು ಹುಡುಕುತ್ತಿದ್ದ ಕಣಜವೇ. ಕಣಜ ಹೊಕ್ಕ ಮೊಟ್ಟೆ ಹೀಗೇ ಕಪ್ಪಾಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಕೀನ್ಯಾದವರು ಕಳಿಸಿದ ಚಿತ್ರಗಳಲ್ಲಿ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಪಕ್ಕದ ಗಿಡ ನೋಡಿದೆ. ಅಲ್ಲೂ ಒಂದು! ಅದರಾಚೆ ಇನ್ನೊಂದು!

"ಅಕ್ಕಾ!" ಅಂತ ಕೂಗಿದ ರಭಸಕ್ಕೆ ಅವಳು ಹಾವೇನೋ ಕಂಡಿತು ಅಂದುಕೊಂಡು ಕುಡುಗೋಲು ಹಿಡಿದೇ ಓಡಿ ಬಂದಳು. ಎಲೆ ತೋರಿಸಿದೆ. "ಇದರೊಳಗೆ ಕಣಜ ಐತೆ ಅಕ್ಕ!"

ಅವಳು ನನ್ನನ್ನೇ ನೋಡಿದಳು. "ಕಣಜ ಅಂದ್ರೆ ಕಾಳು ತುಂಬಿಡೋದಲ್ಲೇನು? ಇಷ್ಟು ಸಣ್ಣದ್ರಾಗೆ?"

ನಾನು ನಕ್ಕು ಎಲ್ಲ ಬಿಡಿಸಿ ಹೇಳಿದೆ. ಅವಳು ಲೆನ್ಸಿನಲ್ಲಿ ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, "ನಾಳೆ ಎಣ್ಣೆ ಹೊಡಿಯಾಕೆ ಹೇಳಿಬಿಟ್ಟೀವಲ್ಲೇ," ಅಂದಳು.

ಎಣ್ಣೆ ಎಂದರೆ ಕೀಟನಾಶಕ. ಹೊಡೆದರೆ ಹುಳ ಸಾಯುವ ಮಾತು ಹಾಗಿರಲಿ, ಕಣಜವಂತೂ ಉಳಿಯುವುದಿಲ್ಲ. ಅವಳ ಯಜಮಾನರು ಕೊಟ್ಟಿಗೆಯ ಹತ್ತಿರ ಪಂಪಿನ ಪಟ್ಟಿ ಬಿಗಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಅಡ್ಡಮಾತಾಡದೆ ಕೇಳಿದರು.

"ಬಿಟ್ರೆ ಹುಳ ತಿನ್ನಾದಿಲ್ಲ ಅಂತ ಗ್ಯಾರಂಟಿ ಕೊಡ್ತೀಯೇನಮ್ಮ?"

"ಕೊಡಾಕೆ ಆಗಲ್ಲ ಅಣ್ಣ. ಒಂದಿಷ್ಟು ತಿಂತಾವೆ. ಆದ್ರೆ ಈ ಶೇಂಗಾದ ಅಂಚು ಒಂದನ್ನ ಬಿಡ್ರಿ. ಉಳಿದ ಕಡೆ ನಿಮಗೆ ಬಿಟ್ಟಿದ್ದು."

ಅವರು ಹೆಂಡತಿಯ ಮುಖ ನೋಡಿದರು. ಅವಳು ಅಂದಳು: "ಹೋದ ಸಲ ಎಲ್ಲಾ ಕಡಿಗೂ ಹೊಡೆದ್ರಿ. ಹುಳ ಹೋಯ್ತಾ?"

ಅವರು ಪಂಪನ್ನು ಗೋಡೆಗೆ ಒರಗಿಸಿದರು. "ಸರಿ ಕಣಮ್ಮ, ಆ ಪಟ್ಟೆ ಬಿಡ್ತೀನಿ. ಹುಳ ಬಿದ್ರೆ ಮಾತ್ರ ನೀನೇ ಬಂದು ಆರಿಸಬೇಕು," ಅಂದರು. ಆಯಿತು ಅಂದೆ. ಆ ಹೊತ್ತಿನಲ್ಲಿ ಅವರು ಹೊಲ ಉಳು ಅಂದಿದ್ದರೂ ಆಯಿತು ಅಂದಿರುತ್ತಿದ್ದೆ.

ಮಧ್ಯಾಹ್ನದ ಬಸ್ಸಿಗೆ ಜಗಳೂರಿನಲ್ಲಿ ಹತ್ತಿದೆ. ನಳಿಗೆಗಳ ಪೆಟ್ಟಿಗೆ ತೊಡೆಯ ಮೇಲಿತ್ತು. ಬಸ್ಸು ತುಂಬಿ ತುಳುಕುತ್ತಿತ್ತು. ಪಕ್ಕದಲ್ಲಿ ಹೆಗಲಿಗೆ ಕಂಬಳಿ ಹಾಕಿದ ಕುರಿಗಾರ ಅಜ್ಜ, ಎದುರಿಗೆ ಸಂತೆ ಚೀಲದ ಮೇಲೆ ಕೂತ ಇಬ್ಬರು ಹೆಂಗಸರು. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡುವ ಚಟ ಹತ್ತಿತ್ತು ನನಗೆ. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು. ಒಂದು ನಳಿಗೆಯ ಗಾಜಿನ ಒಳಗೋಡೆಯ ಮೇಲೆ ಕರಿ ಚುಕ್ಕೆಯೊಂದು ಇತ್ತು. ಧೂಳು ಅಂದುಕೊಂಡು ಬೆರಳಿನಿಂದ ತಟ್ಟಿದೆ. ಚುಕ್ಕೆ ನಡೆಯಿತು.

"ಬಂತು!" ಅಂತ ಚೀರಿಬಿಟ್ಟೆ.

ಡ್ರೈವರ್ ಬ್ರೇಕ್ ಒತ್ತಿದರು. ನಿಂತವರೆಲ್ಲ ಮುಂದಕ್ಕೆ ವಾಲಿದರು. "ಯಾವ ಸ್ಟಾಪ್ ಬಂತ್ರೀ? ಇಲ್ಲಿ ಯಾವ ಸ್ಟಾಪೂ ಇಲ್ಲ," ಅಂತ ಕಂಡಕ್ಟರ್ ಹಿಂದಿನಿಂದ ಕೂಗಿದ.

"ಇಳಿಯಲ್ಲಣ್ಣ, ಇದು ಬಂತು, ಹುಟ್ಟಿ ಬಂತು!" ನಾನು ನಳಿಗೆ ಎತ್ತಿ ಹಿಡಿದೆ. ಹುಟ್ಟಿತು ಎಂಬ ಮಾತು ಕಿವಿಗೆ ಬಿದ್ದದ್ದೇ ಸಂತೆ ಚೀಲದ ಹೆಂಗಸರಿಬ್ಬರೂ ಎದ್ದು ನಿಂತರು. "ಯಾರಿಗಮ್ಮ ಹೆರಿಗೆ?" ಅಂತ ಒಬ್ಬಳು ಕೇಳಿದಳು. ಬಸ್ಸೆಲ್ಲ ನಗು. ಆಮೇಲೆ ನಾನು ಸುಮ್ಮನಿರಲು ಸಾಧ್ಯವೇ ಇರಲಿಲ್ಲ. ಹುಳದ ಮೊಟ್ಟೆ, ಕಣಜ, ಕೀನ್ಯಾ, ಬ್ರೆಜಿಲ್ ಎಲ್ಲ ಹೇಳಿದೆ. ಕಂಡಕ್ಟರ್ ಟಿಕೆಟ್ ಮಿಷಿನ್ನು ಬಗಲಿಗಿರಿಸಿ ಮೊಬೈಲ್ ಬೆಳಕು ಬಿಟ್ಟ. ಕುರಿಗಾರ ಅಜ್ಜ ಲೆನ್ಸ್ ಇಸಿದುಕೊಂಡು ಒಂದು ಕಣ್ಣು ಮುಚ್ಚಿ ನೋಡಿದ. ಆ ಹೊತ್ತಿಗೆ ನಾಲ್ಕಾರು ಕಣಜ ಹೊರಬಂದಿದ್ದವು. ಬಂದವು ದೂರ ಹೋಗದೆ ಆ ಕರಿ ಮೊಟ್ಟೆಗಳ ಮೇಲೇ ಸುತ್ತಾಡುತ್ತಿದ್ದವು.

"ಹೊರಗೆ ಬಂದ ಮ್ಯಾಲೂ ಯಾಕೆ ಅಲ್ಲೇ ತಿರುಗ್ತಾವೆ?" ಅಂತ ಅಜ್ಜ ಕೇಳಿದ.

"ಗಂಡು ಮೊದಲು ಹೊರಗೆ ಬರ್ತಾವೆ ಅಜ್ಜ. ಹೆಣ್ಣು ಬರೋ ತನಕ ಬಾಗಿಲಲ್ಲೇ ಕಾಯ್ತಾವೆ."

"ಕಾಯಬೇಕು, ಕಾಯಬೇಕು," ಅಂದ ಅಜ್ಜ, ತಲೆಯಾಡಿಸುತ್ತ. ಮತ್ತೆ ನಗು. ದಾವಣಗೆರೆ ಬರುವ ತನಕ ಲೆನ್ಸ್ ಕೈಯಿಂದ ಕೈಗೆ ಹೋಗಿ ಬಸ್ಸಿನ ಕೊನೆಯ ಸೀಟು ಮುಟ್ಟಿ ಬಂತು. ನಳಿಗೆಯನ್ನು ಮಾತ್ರ ನಾನು ಕೈಬಿಡಲಿಲ್ಲ.

ಸಂಜೆ ಸೂಕ್ಷ್ಮದರ್ಶಕದ ಕೆಳಗಿಟ್ಟು ತೆಗೆದ ಚಿತ್ರಗಳನ್ನು ಮೂರು ದೇಶದವರ ಗುಂಪಿಗೆ ಕಳಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಕೀನ್ಯಾ ತಂಡದ ಮಹಿಳಾ ವಿಜ್ಞಾನಿಯೊಬ್ಬರಿಂದ ಧ್ವನಿ ಸಂದೇಶ ಬಂತು. ಅವರನ್ನು ನಾನು ಪರದೆಯ ಮೇಲೆ ಮಾತ್ರ ನೋಡಿದ್ದೆ. ಅಳೆದು ತೂಗಿ ಮಾತಾಡುವವರು, ಜೋರಾಗಿ ನಕ್ಕದ್ದನ್ನೂ ಕೇಳಿರಲಿಲ್ಲ. ಆ ಸಂದೇಶದಲ್ಲಿ ಮೊದಲು ಬರೀ ಚಪ್ಪಾಳೆ. ಆಮೇಲೆ, "ಅದೇ ಇರಬೇಕು, ಅದೇ ಇರಬೇಕು! ಆದರೆ ಕಣ್ಣನ್ನು ನಂಬಬೇಡ, ಡಿಎನ್ಎ ನೋಡೋಣ." ಇಷ್ಟು ಸಣ್ಣ ಕಣಜಗಳಲ್ಲಿ ಒಂದರಂತೆ ಇನ್ನೊಂದು ಇರುತ್ತದೆ, ಚಿತ್ರ ನೋಡಿ ಹೇಳಲಾಗದು. ಮಾದರಿಗಳು ಬೆಂಗಳೂರಿಗೆ ಹೋದವು. ನಾನು ದಿನಾ ಫೋನ್ ನೋಡುತ್ತ ಕಾದೆ. ಒಂದು ಬೆಳಿಗ್ಗೆ ಸರ್ ಫೋನ್ ಮಾಡಿ, ನಮಸ್ಕಾರವನ್ನೂ ಹೇಳದೆ, "ಅದೇ ಕಣಮ್ಮ," ಅಂದರು. ಅಷ್ಟೇ ಮಾತು. ನಾನು ಪ್ರಯೋಗಾಲಯದ ಅಂಗಳದಲ್ಲಿ ಒಬ್ಬಳೇ ಕುಣಿದೆ. ಕಾಂಪೌಂಡಿನಾಚೆ ಚಹಾ ಮಾರುವವನು ನೋಡಿ ಏನಂದುಕೊಂಡನೋ.

ಜೀವಂತ ಕೀಟವನ್ನು ಹಾಗೇ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಕೀನ್ಯಾದ ವಿಜ್ಞಾನಿಯೇ ಬಂದರು. ದಾವಣಗೆರೆ ರೈಲು ನಿಲ್ದಾಣದಲ್ಲಿ ಇಳಿದಾಗ ನೋಡಿದೆ, ನನಗಿಂತ ಒಂದು ಗೇಣು ಎತ್ತರ, ಕಾಲಿಗೆ ಹೊಲದ ಬೂಟು. ಬ್ಯಾಗು ಇಡಲು ರೂಮಿಗೂ ಹೋಗದೆ, "ಹೊಲ ಎಲ್ಲಿ?" ಅಂದರು.

ಜಗಳೂರಿನ ಆ ಹೊಲದಲ್ಲಿ ಎಣ್ಣೆ ಹೊಡೆಯದೆ ಬಿಟ್ಟ ಪಟ್ಟೆಯ ಬೆಳೆ ಆಗ ಎದೆಯೆತ್ತರ ಬಂದಿತ್ತು. ಎಲೆಗಳಲ್ಲಿ ತೂತುಗಳಿದ್ದವು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಎಣ್ಣೆ ಹೊಡೆದ ಭಾಗಕ್ಕಿಂತ ಹೆಚ್ಚೇನೂ ಅಲ್ಲ. ಯಜಮಾನರೇ ಮುಂದೆ ನಿಂತು ಎರಡೂ ಕಡೆ ತೋರಿಸಿದರು, ಆ ಪಟ್ಟೆ ಬಿಡುವ ಯೋಚನೆ ಮೊದಲಿಂದ ತಮ್ಮದೇ ಎಂಬಂತೆ. ನಾನು ಹುಳ ಆರಿಸುವ ಪ್ರಸಂಗ ಬರಲಿಲ್ಲ.

ನಾವು ಜೋಳದಲ್ಲಿ ನಿಂತು ಮಾತಾಡುತ್ತಿರುವಾಗ ವಿಜ್ಞಾನಿ ಕಾಣಲಿಲ್ಲ. ತಿರುಗಿ ನೋಡಿದರೆ ಶೇಂಗಾ ಹೊಲದಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ್ದರು. "ಬಿಸಿಲಿಗೆ ಬಿದ್ರೇನೇ?" ಅಂತ ಅಕ್ಕ ನೀರಿನ ಚೊಂಬು ಹಿಡಿದು ಓಡಿದಳು. ಅವರು ಮಲಗಿದಲ್ಲಿಂದಲೇ ಕೈ ಬೀಸಿ ನನ್ನನ್ನು ಕರೆದರು. "ಬಾ, ಮೆಲ್ಲಗೆ ಬಾ, ಉಸಿರು ಬಿಡಬೇಡ!"

ನಾನೂ ಅವರ ಪಕ್ಕ ಮಲಗಿದೆ. ಶೇಂಗಾ ಎಲೆಯ ಮೇಲೆ ಒಂದು ಮೊಟ್ಟೆ ಗುಂಪು. ಅದು ಸೈನಿಕ ಹುಳದ್ದಲ್ಲ. ನಮ್ಮ ಶೇಂಗಾವನ್ನು ಹಿಂದಿನಿಂದಲೂ ಕಾಡುವ ಎಲೆ ತಿನ್ನುವ ಹುಳದ್ದು, ಸೈನಿಕ ಹುಳದ ದಾಯಾದಿಯದು ಅನ್ನಬಹುದು. ಅದರ ಮೇಲೆ ಒಂದು ಕಪ್ಪು ಕಣಜ ಕೂತಿತ್ತು. ನಾವು ನೋಡುತ್ತಿದ್ದಂತೆ ಉಣ್ಣೆಯನ್ನು ಸರಿಸಿ ಒಳಗೆ ನುಗ್ಗಿತು.

"ಅರ್ಥವಾಯಿತಾ?" ಅವರು ಪಿಸುದನಿಯಲ್ಲಿ ಕೇಳಿದರು. "ಇದು ಮೊದಲಿಂದ ಇಲ್ಲೇ ವಾಸವಾಗಿತ್ತು, ನಿಮ್ಮ ಹಳೇ ಹುಳದ ಮೇಲೆ. ಹೊಸ ಹುಳ ಪಕ್ಕದ ಹೊಲಕ್ಕೆ ಬಂದಾಗ ಅಲ್ಲಿಗೂ ಹೋಗಿ ಬಂದಿದೆ!"

ಶೇಂಗಾದ ಅಂಚಿನ ಸಾಲಿನಲ್ಲೇ ಯಾಕೆ ಅಷ್ಟೊಂದು ಕಪ್ಪು ಮೊಟ್ಟೆ ಸಿಕ್ಕವು ಎಂಬುದು ಆಗ ಹೊಳೆಯಿತು. ಒಂದೇ ಹೊಲ ನೋಡಿದರೆ ಏನೂ ಸಾಬೀತಾದ ಹಾಗಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಮಣ್ಣಿನಲ್ಲಿ ಮಲಗಿಕೊಂಡೇ ಒಬ್ಬರ ಕೈ ಒಬ್ಬರು ಹಿಡಿದು ಕುಲುಕಿದೆವು. ಅಕ್ಕ ಚೊಂಬು ಹಿಡಿದು ನಿಂತೇ ಇದ್ದಳು. "ಏನಂತೆ? ನಂಗೂ ಹೇಳ್ರೇ," ಅಂದಳು. ಹೇಳಿದೆ. "ಹಂಗಾರೆ ನಮ್ಮ ಶೇಂಗಾನೇ ಇವಕ್ಕೆ ಕಣಜ ಅನ್ನು," ಅಂದಳು. ಕನ್ನಡದಲ್ಲಿ ಆ ಕೀಟಕ್ಕೂ ಕಾಳು ತುಂಬಿಡುವ ಉಗ್ರಾಣಕ್ಕೂ ಒಂದೇ ಹೆಸರು ಅಂತ ನಾನು ಬಿಡಿಸಿ ಹೇಳಿದಾಗ ವಿಜ್ಞಾನಿ ಆ ಪದವನ್ನು ಹತ್ತಾರು ಸಲ ಬಾಯಿಪಾಠ ಮಾಡಿದರು.

ಮಧ್ಯಾಹ್ನ ಅಕ್ಕನ ಮನೆಯಲ್ಲೇ ಊಟ. ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಪರದೇಶದವರು ಮುದ್ದೆ ಹೇಗೆ ಉಣ್ಣುತ್ತಾರೋ ಅಂತ ಅಕ್ಕ ಒಂದು ಚಮಚ ಹುಡುಕಿ ತೊಳೆದು ಇಟ್ಟಿದ್ದಳು. ವಿಜ್ಞಾನಿ ಚಮಚದ ಕಡೆ ನೋಡಲೂ ಇಲ್ಲ. ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ ಸಾರು ಎತ್ತಿಕೊಂಡರು. ನಾವೆಲ್ಲ ಬೆರಗಾದೆವು. ಅವರ ಮನೆಯಲ್ಲಿ ದಿನಾ ಹೀಗೇ ಅಂತೆ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಉಗಾಲಿ ಅಂತಾರಂತೆ. ಆದರೆ ಅವರು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ್ದೇ ತಡ, ಅಕ್ಕ ಕೈ ಅಡ್ಡ ಹಿಡಿದಳು. "ಅಗೀಬಾರದು ತಾಯಿ! ನುಂಗಬೇಕು, ಹಿಂಗೆ!" ನುಂಗಿ ತೋರಿಸಿದಳು. ವಿಜ್ಞಾನಿ ನುಂಗಿದರು, ಕಣ್ಣಲ್ಲಿ ನೀರು ಬಂತು, ಎದೆ ತಟ್ಟಿಕೊಂಡು ನಕ್ಕರು.

ಊಟವಾದ ಮೇಲೆ ಅಕ್ಕ ಕೇಳಿದಳು, ಇಷ್ಟು ದೂರ ಒಂದು ಹುಳಕ್ಕಾಗಿ ಬಂದಿರಲ್ಲ, ಯಾಕೆ? ನಾನು ಅದನ್ನು ಇಂಗ್ಲಿಷಿಗೆ ಹಾಕಿದೆ. ಅವರು ಹೇಳಿದರು. ಹುಳ ಮೊದಲು ಬಂದ ವರ್ಷ ಅವರ ತಾಯಿಯ ಹೊಲವೂ ಹೋಯಿತಂತೆ. "ನಿಮ್ಮಲ್ಲಿ ಮೆಕ್ಕೆಜೋಳ ಬೆಳೆದು ಕೋಳಿಫಾರಂಗೆ ಮಾರುತ್ತೀರಿ. ನಮ್ಮಲ್ಲಿ ಅದೇ ತಟ್ಟೆಯ ಊಟ. ಆ ವರ್ಷ ಅಮ್ಮ ಬೇಳೆಯೊಂದನ್ನೇ ಬೇಯಿಸಿ, ಉಗಾಲಿಗೆ ಹಿಟ್ಟಿಲ್ಲದೆ ಕೂತದ್ದನ್ನು ನೋಡಿದೆ."

ನಾನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಅಕ್ಕ ಎದ್ದು ಹೋಗಿ, ಇನ್ನೊಂದು ಮುದ್ದೆ ತಂದು ಅವರ ತಟ್ಟೆಗಿಟ್ಟಳು.

ಅವರು ಇರುವಾಗಲೇ ಜಗಳೂರಿನ ಕಣಜಗಳ ಸಂತಾನ ಹೆಚ್ಚಿಸಲು ಶುರು ಮಾಡಿದೆವು. ಪ್ರಯೋಗಾಲಯದಲ್ಲಿ ಪತಂಗಗಳನ್ನು ಸಾಕಿ, ಅವು ಇಟ್ಟ ಮೊಟ್ಟೆಗಳ ಮೇಲೆ ಕಣಜ ಬಿಟ್ಟು, ಹುಟ್ಟಿದವನ್ನು ಕಣಜ ಸಿಗದಿದ್ದ ತಾಲ್ಲೂಕುಗಳಿಗೆ ಒಯ್ಯುವುದು ನಮ್ಮ ಯೋಚನೆ. ಬ್ರೆಜಿಲ್‌ನವರು ಬೇಸರವಿಲ್ಲದೆ ದಿನವೂ ಸಲಹೆ ಕೊಟ್ಟರು. ತೇವ ಹೆಚ್ಚಾದರೆ ಏನು, ಕಣಜಗಳಿಗೆ ತಿನ್ನಲು ಜೇನು ಎಷ್ಟು ಹನಿ ಇಡಬೇಕು, ಎಲ್ಲ.

ಹೊನ್ನಾಳಿಯಲ್ಲಿ ಬಿಟ್ಟೆವು, ಏನೂ ಆಗಲಿಲ್ಲ. ಬಿಟ್ಟ ಮರುದಿನವೇ ಮಳೆ ಹಿಡಿದುಕೊಂಡಿತು. ಮಳೆ ನಿಂತ ಮೇಲೆ ಪಕ್ಕದವರು ಎಣ್ಣೆ ಹೊಡೆದರು. ನಾನು ಮುಖ ಸಣ್ಣ ಮಾಡಿಕೊಂಡಾಗ ವಿಜ್ಞಾನಿ, "ನಮ್ಮಲ್ಲಿ ಎಷ್ಟು ಸಲ ಹೀಗಾಗಿದೆ ಗೊತ್ತಾ? ಮತ್ತೆ ಬಿಡು," ಅಂದರು. ನ್ಯಾಮತಿಯಲ್ಲಿ ಬಿಟ್ಟದ್ದು ಸೂರಗೊಂಡನಕೊಪ್ಪದ ಆಚೆಯ ಒಂದು ತಾಂಡಾದ ಹೊಲಗಳಲ್ಲಿ. ಅಲ್ಲಿಯ ಹೆಂಗಸರು ಮೊದಲು ನಂಬಲಿಲ್ಲ. ತಮ್ಮತಮ್ಮಲ್ಲಿ ಲಂಬಾಣಿಯಲ್ಲಿ ಏನೋ ಮಾತಾಡಿ ನಕ್ಕರು. ಕೊನೆಗೆ ಅವರಲ್ಲಿ ಹಿರಿಯಳೊಬ್ಬಳು, "ಕೀಟ ಸಾಯಿಸಾಕೆ ಕೀಟ ತಂದು ಬಿಡ್ತೀರಾ? ಬಿಡ್ರಿ, ನೋಡಾಣ," ಅಂದು ತನ್ನ ಹೊಲ ತೋರಿಸಿದಳು. ಮೆಕ್ಕೆಜೋಳದ ನಡುವಿನ ಅಕ್ಕಡಿ ಸಾಲಿಗೆ ಶೇಂಗಾ ಹಾಕಲೂ ಒಪ್ಪಿದಳು. ಕೆಲವು ದಿನಗಳಲ್ಲಿ ವಿಜ್ಞಾನಿ ತಮ್ಮ ದೇಶಕ್ಕೆ ಹಿಂತಿರುಗಿದರು. ಹೊರಡುವಾಗ ತಮ್ಮ ಹೊಲದ ಬೂಟನ್ನು ನನಗೆ ಬಿಟ್ಟು ಹೋದರು. ಒಂದು ಸೈಜು ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿ ಹಾಕಿಕೊಳ್ಳುತ್ತೇನೆ.

ಬೆಳೆ ಮುಗಿಯುವ ಹೊತ್ತಿಗೆ ಜಗಳೂರಿನ ಅಕ್ಕ ಫೋನ್ ಮಾಡಿದ್ದಳು. ಮುಂದಿನ ಸಲ ಮೆಕ್ಕೆಜೋಳದ ನಡುನಡುವೆ ಶೇಂಗಾ ಬಿತ್ತುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ಎಣ್ಣೆ ಪೂರ್ತಿ ಬಿಡುವ ಧೈರ್ಯ ಅವರಿಗೂ ಇಲ್ಲ, ಬಿಡಿ ಎನ್ನುವ ಧೈರ್ಯ ನನಗೂ ಇಲ್ಲ. ಹುಳ ಇನ್ನೂ ಇದೆ. ಅದು ಹೋಗುವ ನೆಂಟನಲ್ಲ.

ನ್ಯಾಮತಿಗೆ ನಾನು ಹೋದದ್ದು ಹಿಂಗಾರಿನ ಬೆಳೆ ಮೊಣಕಾಲೆತ್ತರ ಬಂದ ಮೇಲೆ. ಆ ಹಿರಿಯ ಹೆಂಗಸು, ಅವಳ ಸೊಸೆ, ನೆರೆಯವರಿಬ್ಬರು ಜೊತೆಗೆ ಬಂದರು. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಎಲೆ ತಿರುವುತ್ತ ಹೊರಟೆವು. ಬೂದು ಮೊಟ್ಟೆ, ಮತ್ತೆ ಬೂದು ಮೊಟ್ಟೆ. ಹೊನ್ನಾಳಿಯ ಗತಿಯೇ ಇಲ್ಲೂ ಅಂತ ಮನಸ್ಸು ಕುಗ್ಗುತ್ತಿರುವಾಗ ಸೊಸೆ ಕೂಗಿದಳು. "ಮೇಡಂ, ಕರೇದು ಐತೆ ಇಲ್ಲಿ!"

ಬಿದ್ದು ಎದ್ದು ಓಡಿದೆ. ಉಣ್ಣೆ ಸರಿಸಿ ಲೆನ್ಸ್ ಹಿಡಿದೆ. ಕಪ್ಪು, ಕೆಳಗಿನ ಪದರದ ತನಕ ಕಪ್ಪು! ನಾವು ಬಿಟ್ಟ ಕಣಜಗಳು ಎರಡು ಬೆಳೆಗಳ ನಡುವಿನ ಒಣ ದಿನಗಳನ್ನು ಕಳೆದು, ಸಂತಾನ ಬೆಳೆಸಿ ಉಳಿದಿದ್ದವು. ಹಿರಿಯಳು ನನ್ನ ಕೈಯಿಂದ ಲೆನ್ಸ್ ಕಸಿದುಕೊಂಡಳು, ಸೊಸೆ ಅವಳಿಂದ ಕಸಿದಳು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದೆವು, ಅರ್ಧ ಲಂಬಾಣಿ, ಅರ್ಧ ಕನ್ನಡ, ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ.

ಹಿರಿಯಳು ಒಮ್ಮೆಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ಕಡೆ ಕೈ ತೋರಿಸಿದಳು. ಆಚೆಯದು ಅವಳ ಮೈದುನನ ಹೊಲ, ಅಲ್ಲಿ ನಾವು ಏನನ್ನೂ ಬಿಟ್ಟಿರಲಿಲ್ಲ.

"ಅಲ್ಲಿಗೂ ಹೋಗಿರ್ತಾವಾ?" ಅಂದಳು.

"ನೋಡಾಣ ಬರ್ರಿ," ಅಂದೆ.

ಐದೂ ಜನ ಬದು ಹಾರಿ ಓಡಿದೆವು. ಮೂರನೆಯ ಸಾಲಿನಲ್ಲೇ ಸಿಕ್ಕಿತು.